ಎಣ್ಣೆ ಬಿಡಬಾರದ ಜಾಗ

ಬುಧವಾರ, ಮಧ್ಯಾಹ್ನ
ಅಂಗಡಿಯಿಂದ

ಮಾತು ಕತ್ತರಿಸುವ ನನ್ನ ಕತ್ತರಿ ಮಗಳಿಗೆ ಅಮ್ಮನ ಆಶೀರ್ವಾದ.

ನಾವೆಲ್ಲ ಇಲ್ಲಿ ಕ್ಷೇಮ ಎಂದು ಶುರು ಮಾಡಬೇಕು. ನಾವೆಲ್ಲ ಅಂದರೆ ಯಾರು, ನಾನು ಮತ್ತು ಮೂರು ಹೊಲಿಗೆ ಯಂತ್ರಗಳು. ಯಂತ್ರಗಳು ಕ್ಷೇಮವಾಗಿವೆ. ನನ್ನ ವಿಷಯ ಆಮೇಲೆ. ನಿನ್ನ ಎಡಗೈ ಹೇಗಿದೆ? ಪಟ್ಟಿಯೊಳಗೆ ತುರಿಸಿದರೆ ಪೆನ್ನು ತೂರಿಸಿ ಕೆರೆದುಕೊಳ್ಳುತ್ತೀಯಂತೆ, ನಿನ್ನ ಪಕ್ಕದ ಕೋಣೆಯವಳು ಹೇಳಿದಳು. ಬೇಡ. ಚರ್ಮ ಕಿತ್ತರೆ ಒಳಗೇ ಹುಣ್ಣಾಗುತ್ತದೆ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾನು ಎರಡು ಮಾತಾಡುವುದರೊಳಗೆ ನೀನು "ಇರ್ಲಿ ಬಿಡಮ್ಮ" ಅನ್ನುತ್ತೀಯ, ನಾನೂ ಸರಿ ಎಂದು ಬಿಟ್ಟುಬಿಡುತ್ತೇನೆ. ಕಳೆದ ವಾರ ಮೂರು ಸಲ ಹಾಗೇ ಆಯಿತು. ಕಾಗದಕ್ಕೆ ಬಾಯಿಲ್ಲ, ನಡುವೆ ತಡೆಯುವುದಿಲ್ಲ. ಬಸ್ಸಿನ ಕಂಡಕ್ಟರು ನಾಳೆ ಸಂಜೆಯೊಳಗೆ ನಿನ್ನ ಕೈಗೇ ಕೊಡುತ್ತೇನೆ ಎಂದಿದ್ದಾನೆ. ಅವನ ಎರಡು ಪ್ಯಾಂಟು ನನ್ನ ಹತ್ತಿರ ಇವೆ, ಮಾತು ತಪ್ಪುವುದಿಲ್ಲ.

ವಿಷಯ ಇಷ್ಟು. ಭಾನುವಾರ ಹಾಲಿನವನು ಬೈಕು ಕೊಳ್ಳಲು ಬರುತ್ತಾನೆ, ಗಾಡಿಯ ಕೀಲಿಕೈ, ಕಾಗದಪತ್ರ ಕೊಟ್ಟು ಕಳಿಸು ಎಂದಿದ್ದೀಯ. ಸೋಮವಾರದಿಂದ ಪಶು ಆಸ್ಪತ್ರೆಯಲ್ಲಿ ರಿಜಿಸ್ಟರ್ ಬರೆಯಲು ಕೂರುತ್ತೇನೆ, ಹಟ್ಟಿಹಟ್ಟಿ ತಿರುಗಿ ಲಸಿಕೆ ಹಾಕುವ ಕೆಲಸ ಇನ್ನೊಬ್ಬರಿಗೆ ಕೊಡಿ ಎಂದು ಡಾಕ್ಟರಿಗೂ ಹೇಳಿಯಾಗಿದೆ. ಎರಡು ವರ್ಷ ಓದಿ, ದನ ಒದ್ದರೂ ನಗುತ್ತಾ ಮನೆಗೆ ಬಂದವಳು ನೀನು. ಈಗ ಗಾಡಿಯಿಂದ ಬಿದ್ದದ್ದಕ್ಕೆ ಆ ಕೆಲಸವನ್ನೇ ಬಿಡುತ್ತಿದ್ದೀಯ. ಬಿಡುವ ಮುಂಚೆ ಈ ಕಾಗದ ಪೂರ್ತಿ ಓದು. ಓದಿದ ಮೇಲೂ ಮಾರಬೇಕು ಅನ್ನಿಸಿದರೆ ಮಾರು, ನಾನು ತುಟಿ ಬಿಚ್ಚುವುದಿಲ್ಲ.

ಗಾಡಿ ಬೇಡ ಎಂದು ಮೊದಲು ಕೂಗಾಡಿದವಳು ನಾನೇ. ನಿನ್ನಪ್ಪನಿಗೆ ಸೈಕಲ್ಲೂ ಬರುತ್ತಿರಲಿಲ್ಲ, ನಮ್ಮ ಮನೆತನದಲ್ಲೇ ಚಕ್ರದ ಯೋಗವಿಲ್ಲ ಎಂದೆಲ್ಲ ಹೇಳಿದೆ. ಬಸ್ಸಿನಲ್ಲಿ ಹೋದರೆ ಲಸಿಕೆಯ ಐಸು ಹಟ್ಟಿ ಸೇರುವ ಹೊತ್ತಿಗೆ ನೀರಾಗಿರುತ್ತದೆ ಎಂದು ನೀನು ಲೆಕ್ಕ ಹಾಕಿ ತೋರಿಸಿದ ಮೇಲೆ ಬಾಯಿ ಮುಚ್ಚಿದೆ. ಮುಚ್ಚಿದ್ದು ಬಾಯಿ ಮಾತ್ರ. ಒಪ್ಪಿದ ಮೇಲೆ ಅರೆಮನಸ್ಸಿನಿಂದ ಮಾಡುವ ಜಾತಿಯಲ್ಲವಲ್ಲ ನಾನು, ಅಳತೆ ಟೇಪು ಕೊರಳಿಗೆ ಹಾಕಿಕೊಂಡೇ ನಿನ್ನ ಹಿಂದೆ ಶೋರೂಮಿಗೆ ಬಂದೆ. ನಿನ್ನ ಒಳಗಾಲು ಇಪ್ಪತ್ತೊಂಬತ್ತೂವರೆ ಇಂಚು. ಆ ಮಾರುವವನು ತೋರಿಸಿದ ಮಿರಿಮಿರಿ ಕೆಂಪು ಗಾಡಿಯ ಸೀಟು ಮೂವತ್ತೆರಡು. ತುದಿಗಾಲಲ್ಲಿ ನಿಂತು ನೀನು ಬೀಗುತ್ತಿದ್ದೆ, ನಿನಗೆ ಅದೇ ಬೇಕಿತ್ತು. ಅಭ್ಯಾಸವಾದರೆ ಎತ್ತರ ಗೊತ್ತಾಗುವುದಿಲ್ಲ ಎಂದ ಅವನು. ಕಂಕುಳಲ್ಲಿ ಬಿಗಿಯುವ ಅಂಗಿ ಹೊಲಿದುಕೊಟ್ಟ ದರ್ಜಿಯೂ ಇದೇ ಮಾತು ಹೇಳುತ್ತಾನೆ ಎಂದೆ ನಾನು. ಆಮೇಲೆ ಅವನು ನನಗೊಂದು ಕುರ್ಚಿ ತಂದುಕೊಟ್ಟು, ಅಂಗಡಿಯಲ್ಲಿದ್ದ ಗಾಡಿಗಳನ್ನೆಲ್ಲ ನಾನು ಅಳೆದು ಮುಗಿಸುವವರೆಗೆ ಕಾದ.

ಕೊನೆಗೆ ಸಿಕ್ಕಿದ್ದು ನಿವೃತ್ತ ಮೇಷ್ಟರ ಹಳೇ ನೀಲಿ ಗಾಡಿ. ಸೀಟು ಮೂವತ್ತೇ ಇಂಚು. ಎರಡೂ ಪಾದ ನೆಲಕ್ಕೆ ಊರುತ್ತಿದ್ದವು, ಮಗುಚಿದರೆ ನೀನೊಬ್ಬಳೇ ಎತ್ತಿ ನಿಲ್ಲಿಸುವಷ್ಟು ಹಗುರ. ನಮ್ಮ ಅಂಗಡಿಯ ಎದುರಿನ ಮೆಕ್ಯಾನಿಕ್ಕು, ಜೇಬಿನಲ್ಲಿ ಯಾವಾಗಲೂ ಹತ್ತು-ಹನ್ನೊಂದು ನಂಬರಿನ ಸ್ಪ್ಯಾನರ್ ಇಟ್ಟುಕೊಂಡು ಅದೇ ಹೆಸರು ಪಡೆದ ನಿನ್ನ ಹತ್ತು-ಹನ್ನೊಂದು ಮಾಮ, ಜೊತೆಗೆ ಬಂದಿದ್ದ. ಮೇಷ್ಟರಿಗೆ ನಮಸ್ಕಾರ ಹೇಳುವ ಮುಂಚೆಯೇ ಎಂಜಿನ್ನಿನ ಮೇಲೆ ಅಂಗೈ ಇಟ್ಟ, ನೆನಪಿದೆಯಾ? ತಣ್ಣಗಿತ್ತು. ಬೆಚ್ಚಗಿದ್ದಿದ್ದರೆ ನಾವು ಬರುವ ಮುಂಚೆ ಒದ್ದಾಡಿ ಸ್ಟಾರ್ಟ್ ಮಾಡಿಟ್ಟಿದ್ದಾರೆ ಎಂದು ಅರ್ಥವಂತೆ. ಒಂದೇ ಒದೆತಕ್ಕೆ ಶುರುವಾಯಿತು. ಗಾಡಿ ಒಳ್ಳೆಯದು, ಮಗಳೇ. ಅವತ್ತೂ ಒಳ್ಳೆಯದಾಗಿತ್ತು, ಈಗಲೂ ಒಳ್ಳೆಯದೇ. ಅದರ ಮೇಲೆ ತಪ್ಪು ಹೊರಿಸಬೇಡ.

ನಿನ್ನ ಮೇಲೂ ಹೊರಿಸಿಕೊಳ್ಳಬೇಡ. ಅದನ್ನು ಹೇಳಲಿಕ್ಕೇ ಕೂತಿರುವುದು. ಹೇಳದೆ ಸುತ್ತು ಹೊಡೆಯುತ್ತಿದ್ದೇನೆ ಎಂದು ನನಗೂ ಗೊತ್ತು. ಈಗ ಒಬ್ಬಾಕೆ ಕುಬುಸದ ಅಳತೆ ಕೊಡಲು ಬಂದಿದ್ದಳು, ನಾಳೆ ಬಾ ಎಂದು ಕಳಿಸಿದೆ. ನಾನು ಗಿರಾಕಿಯನ್ನು ಹಿಂದಕ್ಕೆ ಕಳಿಸಿದ್ದನ್ನು ನೀನು ಯಾವತ್ತಾದರೂ ನೋಡಿದ್ದೀಯಾ?

ನೀನು ಬಿದ್ದ ಹಿಂದಿನ ದಿನ ಸಂಜೆ ಗಾಡಿಯಲ್ಲೇ ಮನೆಗೆ ಬಂದೆ. ಮೊದಲ ಸಲ. ಒಂದೂವರೆ ಗಂಟೆ ದಾರಿ. ನಾನು ಬಾಗಿಲಲ್ಲೇ ನಿಂತಿದ್ದೆ. ನೀನು ತಿರುವಿನಲ್ಲಿ ಕಾಣಿಸುವ ಮುಂಚೆ ಕೇಳಿಸಿದೆ. ಬ್ರೇಕು ಹಿಡಿದಾಗ ಹಿಂದಿನ ಚಕ್ರ ಕೀಂಯ್ ಎಂದಿತು. ಧೂಳು ಹೊಕ್ಕಿರಬೇಕು, ವಾಪಸ್ ಹೋದ ಮೇಲೆ ಅಲ್ಲೇ ತೋರಿಸುತ್ತೇನೆ ಎಂದೆ ನೀನು. ಆದರೆ ಆ ಸದ್ದು ನನ್ನ ಕಿವಿಯಲ್ಲೇ ಉಳಿಯಿತು. ಮೂವತ್ತು ವರ್ಷದಿಂದ ಯಂತ್ರದ ಮುಂದೆ ಕೂತವಳು ನಾನು. ಕೀಂಯ್ ಅಂದರೆ ನನಗೆ ಒಂದೇ ಅರ್ಥ, ಎಣ್ಣೆ ಕೇಳುತ್ತಿದೆ. ಅಳುವ ಮಗುವಿಗೆ ಹಾಲು, ಅಳುವ ಯಂತ್ರಕ್ಕೆ ಎಣ್ಣೆ ಎಂದು ಕಲಿಯಲು ಬರುವವರಿಗೆಲ್ಲ ಹೇಳಿಕೊಡುತ್ತೇನೆ.

ಬೆಳಗ್ಗೆ ನೀನು ಸ್ನಾನಕ್ಕೆ ಹೋದಾಗ ಹೊಲಿಗೆ ಯಂತ್ರದ ಎಣ್ಣೆಡಬ್ಬಿ ತೆಗೆದುಕೊಂಡು ಹೊರಗೆ ಹೋದೆ. ಹಿಂದಿನ ಚಕ್ರದ ನಡುವಿನ ಆ ದುಂಡನೆ ಡಬ್ಬ, ಅದರೊಳಗೆ ಒಂದು ಸರಳು ಹೋಗುತ್ತದಲ್ಲ, ಆ ಸಂದಿಗೆ ಬಿಟ್ಟೆ. ಒಂದು ಹನಿಯಲ್ಲ. ಕೈಯಲ್ಲಿ ಚಕ್ರ ತಿರುಗಿಸಿ, ಬ್ರೇಕು ಒತ್ತಿ, ಸದ್ದು ನಿಲ್ಲುವವರೆಗೂ ಬಿಟ್ಟೆ. ಅದು ನಿಂತಾಗ ನನಗೆ ಆದ ಖುಷಿ ಏನು ಹೇಳಲಿ. ಒಂದಕ್ಕೆ ಹಾಕಿ ಇನ್ನೊಂದಕ್ಕೆ ಹಾಕದಿದ್ದರೆ ಪಂಕ್ತಿಭೇದವಾಗುತ್ತದೆ ಎಂದು ಮುಂದಿನದಕ್ಕೂ ಬಿಟ್ಟೆ. ಹೊರಗೆ ಸುರಿದದ್ದನ್ನು ಬಟ್ಟೆಯ ಚೂರಿನಿಂದ ಚೊಕ್ಕವಾಗಿ ಒರೆಸಿದೆ. ನಿನಗೆ ಹೇಳಲಿಲ್ಲ. ಬೇಡವೆಂದು ಗದ್ದಲ ಮಾಡಿದವಳು ಈಗ ಗಾಡಿಯ ಸೇವೆ ಮಾಡುತ್ತಿದ್ದಾಳೆ ಎಂದು ನೀನು ನಗುತ್ತೀಯ ಎಂದು ನಾಚಿಕೆಯಾಯಿತು.

ಬ್ರೇಕು ಉಜ್ಜಿ ಹಿಡಿದರೆ ತಾನೇ ಗಾಡಿ ನಿಲ್ಲುವುದು. ಉಜ್ಜಬೇಕಾದ ಜಾಗಕ್ಕೆ ನಾನು ಎಣ್ಣೆ ಕುಡಿಸಿದ್ದೆ.

ಆಮೇಲಿನದು ನಿನಗೇ ಗೊತ್ತು. ನಮ್ಮ ಬೀದಿಯ ಇಳಿಜಾರಿನ ಕೊನೆಯ ತಿರುವಿನಲ್ಲಿ ಆ ಅಜ್ಜ ರಸ್ತೆ ದಾಟುತ್ತಿದ್ದರು, ನೀನು ತುಳಿದೆ, ಗಾಡಿ ನಿಲ್ಲಲಿಲ್ಲ, ಅಜ್ಜನನ್ನು ತಪ್ಪಿಸಿ ಮರಳಿನ ರಾಶಿಗೆ ನುಗ್ಗಿಸಿದೆ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ನೀನು ಹೇಳಿದ ಮಾತು ಅಕ್ಷರ ಬಿಡದೆ ನೆನಪಿದೆ. "ಬ್ರೇಕ್ ಅಂದ್ಕೊಂಡು ಏನು ತುಳಿದ್ನೋ ಅಮ್ಮ. ಕೈದು ಹಿಡಿದ್ನೋ ಇಲ್ವೋ ಅದೂ ಗೊತ್ತಿಲ್ಲ. ನಾನು ಗಾಡಿ ಓಡ್ಸೋಳಲ್ಲ ಬಿಡು." ನಿನ್ನ ತಲೆ ಸವರಿದೆ. ಅವತ್ತು ನನಗೆ ನಿಜವಾಗಿಯೂ ಏನೂ ಗೊತ್ತಿರಲಿಲ್ಲ, ನಿನ್ನ ಕಾಲೇ ತಪ್ಪಿತು ಎಂದು ನಂಬಿದ್ದೆ. ನಾನು ಹೊಲಿದುಕೊಟ್ಟ ದಪ್ಪ ಜಾಕೀಟು ಮೊಣಕೈ ಉಳಿಸಿತು, ಮಣಿಕಟ್ಟು ಉಳಿಸಲಿಲ್ಲ ಎಂದು ಅದನ್ನೇ ಯೋಚಿಸುತ್ತಿದ್ದೆ.

ಮೂರನೇ ದಿನ ಹತ್ತು-ಹನ್ನೊಂದು ಗಾಡಿ ಬಿಚ್ಚಿದ. ನನ್ನನ್ನು ಕೂಗಿ ಕರೆದ. ಬ್ರೇಕಿನ ಎರಡು ಹೋಳುಗಳನ್ನು ಹಳೇ ಪತ್ರಿಕೆಯ ಮೇಲೆ ಇಟ್ಟಿದ್ದ, ಪತ್ರಿಕೆ ತೊಯ್ದು ಪಾರದರ್ಶಕವಾಗಿತ್ತು. ಮೂಸಿ ನೋಡಿದ. ಗಾಡಿಯ ಎಣ್ಣೆ ಕಪ್ಪಗಿರುತ್ತದೆ, ನಾರುತ್ತದೆ, ಇದು ನೀರಿನ ಹಾಗೆ ತಿಳಿಯಾಗಿದೆ, ವಾಸನೆಯೂ ಇಲ್ಲ, ಯಾರು ಬಿಟ್ಟರು ಎಂದ. ನನಗೇನು ಗೊತ್ತು ಎಂದೆ. ಅವನು ಮತ್ತೆ ಕೇಳಲಿಲ್ಲ, ನಾನೇ ಸುಮ್ಮನಿರಲಾರದೆ, ನಮ್ಮ ಬೀದಿಯಲ್ಲಿ ಪೋಲಿಗಳು ಜಾಸ್ತಿಯಾಗಿದ್ದಾರೆ ಎಂದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಅವನು ರಸ್ತೆಯಾಚೆ ನನ್ನ ಮೇಜಿನ ಮೇಲಿದ್ದ ಎಣ್ಣೆಡಬ್ಬಿ ನೋಡಿದ, ನನ್ನನ್ನು ನೋಡಿದ, ಹೊಸ ಹೋಳು ತರಲು ಹೋದ.

ಅಂಗಡಿಗೆ ಬಂದು ಬಾಗಿಲು ಅರ್ಧ ಮುಚ್ಚಿ ಕೂತೆ. ನಿನಗೆ ಫೋನು ಮಾಡಲೆಂದೇ ಕೈಗೆ ತೆಗೆದುಕೊಂಡೆ, ಅಷ್ಟರಲ್ಲಿ ನೀನೇ ಮಾಡಿದೆ. ಗಾಡಿ ಮಾರುತ್ತೇನೆ, ಮೇಜಿನ ಕೆಲಸ ತೆಗೆದುಕೊಳ್ಳುತ್ತೇನೆ ಎಂದೆ.

ಈಗ ಬರೆಯುವ ವಾಕ್ಯಕ್ಕೆ ಎರಡು ಹಾಳೆ ಹರಿದಿದ್ದೇನೆ. ನನಗೆ ಸಮಾಧಾನವಾಯಿತು. ಇನ್ನು ಸಂಜೆ ಆರಾದರೆ ಫೋನು ನೋಡುತ್ತಾ ಕೂರುವುದಿಲ್ಲ, ಮಳೆ ಬಂದರೆ ಎದೆ ಧಸಕ್ಕೆನ್ನುವುದಿಲ್ಲ, ಮಗಳು ಫ್ಯಾನಿನ ಕೆಳಗೆ ಕೂತು ರಿಜಿಸ್ಟರ್ ಬರೆಯುತ್ತಾಳೆ ಎಂದು ಹಾಯಾಗಿ ಉಸಿರುಬಿಟ್ಟೆ. ನಾನು ಬಾಯಿ ಬಿಡದಿದ್ದರೆ ಸಾಕು, ಎಲ್ಲವೂ ನಾನು ಮೊದಲು ಬಯಸಿದ ಹಾಗೇ ಆಗುತ್ತಿತ್ತು. ಬೇಕೆಂದೇ ಎಣ್ಣೆ ಬಿಟ್ಟೆಯಾ ಎಂದು ನೀನು ಕೇಳಬಹುದು. ಇಲ್ಲ ಮಗಳೇ, ಅದು ಪ್ರೀತಿಯ ದಡ್ಡತನ. ಆದರೆ ಹನ್ನೊಂದು ದಿನ ಸುಮ್ಮನಿದ್ದದ್ದು ಬೇಕೆಂದೇ. ಅದಕ್ಕೆ ದಡ್ಡತನದ ಹೆಸರು ಹಾಕಲಾರೆ.

ಸೋಮವಾರ ಒಂದು ಸಂಗತಿಯಾಯಿತು. ಹೊಸದಾಗಿ ಕಲಿಯಲು ಬರುವ ಹೆಂಗಸೊಬ್ಬಳಿದ್ದಾಳೆ, ನಲವತ್ತು ದಾಟಿದವಳು. ಬೆಳಗಿನಿಂದ ಅವಳ ಹೊಲಿಗೆ ತಪ್ಪುತ್ತಲೇ ಇತ್ತು, ದಾರ ತುಂಡಾಗುತ್ತಿತ್ತು. ಕೊನೆಗೆ ಬಟ್ಟೆ ಮಡಿಸಿಟ್ಟು, ನನ್ನ ಕೈಗೆ ಇದು ಬರುವುದಲ್ಲ, ನಾಳೆಯಿಂದ ಬರುವುದಿಲ್ಲ ಎಂದು ಎದ್ದಳು. ನಾನು ಎಂದಿನಂತೆ ಗದರಿದೆ. "ಕೂತ್ಕೊ. ಮೊದ್ಲು ಯಂತ್ರ ನೋಡ್ಬೇಕು, ಆಮೇಲೆ ಕೈ ನೋಡ್ಬೇಕು." ಬಗ್ಗಿ ನೋಡಿದರೆ ಸೂಜಿ ಡೊಂಕಾಗಿತ್ತು. ಬದಲಾಯಿಸಿದೆ, ಹೊಲಿಗೆ ನೆಟ್ಟಗೆ ಹೋಯಿತು. ಅವಳ ಮುಖ ಅರಳಿತು, ನನ್ನದು ಬಾಡಿತು. ಊರಿನವರ ಮಕ್ಕಳಿಗೆಲ್ಲ ಹೇಳುವ ಮಾತನ್ನು ಹೆತ್ತ ಮಗಳಿಗೆ ಹೇಳದೆ ಬಚ್ಚಿಟ್ಟುಕೊಂಡಿದ್ದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನೀನು ಅದರ ಉಲ್ಟಾ, ನೆಲವೇ ಡೊಂಕಿದ್ದಾಗ ಕಾಲು ಡೊಂಕು ಅಂದುಕೊಂಡೆ. ಡೊಂಕು ಮಾಡಿದವಳು ಬಾಯಿಗೆ ದಾರ ಹೊಲಿದುಕೊಂಡು ಪಕ್ಕದಲ್ಲೇ ನಿಂತಿದ್ದಳು.

ಮಧ್ಯಾಹ್ನ ರಸ್ತೆ ದಾಟಿ ಹೋದೆ. ಹತ್ತು-ಹನ್ನೊಂದು ಯಾವುದೋ ಸ್ಕೂಟರಿನ ಕೆಳಗೆ ಮಲಗಿದ್ದ. ಅವನ ಕಾಲುಗಳಿಗೇ ಎಲ್ಲವನ್ನೂ ಹೇಳಿದೆ. ಅವನು ಹೊರಗೆ ಬರದೆಯೇ ಕೇಳಿದ. ಮುಗಿದ ಮೇಲೆ ಹೇಳಿದ್ದು ಇಷ್ಟೇ: "ನೀವು ಹೇಳ್ದಿದ್ರೆ ಶನಿವಾರ ನಾನೇ ಹೇಳ್ತಿದ್ದೆ ಅಕ್ಕ. ಎರಡೂ ಬ್ರೇಕ್ ಇಲ್ದಿರೋ ಗಾಡೀನ ಮನುಷ್ಯನ್ನ ತಪ್ಪಿಸಿ ಮರಳಿಗೆ ಹಾಕಿದಾಳೆ. ಅವ್ಳಿಗೆ ಓಡ್ಸೋಕೆ ಬರುತ್ತೆ." ಇದು ನನ್ನ ಮಾತಲ್ಲ, ಸಮಾಧಾನಕ್ಕೆ ಬರೆದದ್ದೂ ಅಲ್ಲ. ಇಪ್ಪತ್ತು ವರ್ಷ ಬಿದ್ದವರ ಗಾಡಿಗಳನ್ನೇ ನೋಡಿದವನ ಮಾತು.

ಅವತ್ತಿನಿಂದ ಮಧ್ಯಾಹ್ನದ ಹೊತ್ತು ಅವನ ಅಂಗಡಿಯಲ್ಲಿ ಖಾಲಿ ಡಬ್ಬ ಮಗುಚಿ ಹಾಕಿ ಕೂತು ಕಲಿಯುತ್ತಿದ್ದೇನೆ. ಅಳತೆ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಬರೆದಿಟ್ಟುಕೊಂಡಿದ್ದೇನೆ. ಎಣ್ಣೆ ಬೇಕಾದದ್ದು ಚೈನಿಗೆ, ಅದೂ ತೊಳೆದು ಒರೆಸಿದ ಮೇಲೆ. ಕ್ಲಚ್ಚಿನ ತಂತಿಗೆ ಬೇಕು, ಸ್ಟ್ಯಾಂಡಿನ ಕೀಲಿಗೆ ಒಂದು ಹನಿ. ಬ್ರೇಕಿನ ಡಬ್ಬದ ಹತ್ತಿರ ಎಣ್ಣೆಡಬ್ಬಿ ಹಿಡಿದವರ ಕೈ ಮುರಿಯಬೇಕು ಎಂದ, ಆಮೇಲೆ ನಿನ್ನ ಕೈ ನೆನಪಾಗಿ ನಾಲಿಗೆ ಕಚ್ಚಿಕೊಂಡ. ಅದು ಕೀಂಯ್ ಎಂದರೆ ಬಿಚ್ಚಿ ಧೂಳು ಕೊಡವಬೇಕಂತೆ, ನೀನು ಹೇಳಿದ್ದೇ ಸರಿ. ಚೈನು ಎರಡು ಬೆರಳಿನಷ್ಟು ಮೇಲೆ ಕೆಳಗೆ ಆಡಬೇಕು, ಬಿಗಿಯಾದರೂ ಕೇಡು, ಜೋತುಬಿದ್ದರೂ ಕೇಡು. ಎಂಜಿನ್ ಎಣ್ಣೆ ನೋಡುವಾಗ ಗಾಡಿ ನೆಟ್ಟಗೆ ನಿಂತಿರಬೇಕು. ನೀನು ಓರೆ ನಿಲ್ಲಿಸಿಯೇ ನೋಡುತ್ತೀಯಂತೆ, ಮಾಮ ಚಾಡಿ ಹೇಳಿದ. ಗಾಳಿ ಹಾಕಿಸುವುದು ಬೆಳಗ್ಗೆ, ಟೈರು ತಣ್ಣಗಿರುವಾಗ.

ಇನ್ನೊಂದಿದೆ, ಅದನ್ನು ದೊಡ್ಡ ಅಕ್ಷರದಲ್ಲಿ ಬರೆದುಕೊಂಡಿದ್ದೇನೆ. ದಿನಾ ಹತ್ತುವ ಮುಂಚೆ ಗಾಡಿಯನ್ನು ಎರಡು ಹೆಜ್ಜೆ ತಳ್ಳಿ, ಒಂದೊಂದೇ ಬ್ರೇಕು ಹಿಡಿದು ನೋಡಬೇಕು. ಅವತ್ತು ಹಾಗೆ ನೋಡಿದ್ದರೆ ಮನೆಯ ಮುಂದೆಯೇ ಗೊತ್ತಾಗುತ್ತಿತ್ತು. ನಿನ್ನನ್ನು ದೂರುತ್ತಿಲ್ಲ. ಅಮ್ಮನ ಮನೆಯಿಂದ ಹೊರಡುವಾಗ ಯಾರು ತಾನೇ ಪರೀಕ್ಷೆ ಮಾಡುತ್ತಾರೆ. ಇನ್ನು ಮೇಲೆ ಮಾಡು. ನನ್ನ ಮನೆಯಿಂದ ಹೊರಡುವಾಗ ಎರಡು ಸಲ ಮಾಡು.

ನನಗೆ ಈಗಲೂ ಭಯವಿದೆ. ಹೋಗಿದೆ ಎಂದು ಬರೆದರೆ ಇನ್ನೊಂದು ಸುಳ್ಳಾಗುತ್ತದೆ. ಆದರೆ ಭಯ ನನ್ನದು, ಅದನ್ನು ನಿನ್ನ ಕೈಲಾಗದತನ ಎಂದು ನಿನಗೇ ನಂಬಿಸುವ ಹಕ್ಕು ನನಗಿಲ್ಲ. ಗಾಡಿಯ ಕೀಲಿಕೈಯನ್ನು ಈ ಲಕೋಟೆಯಲ್ಲೇ, ಬಟ್ಟೆಯ ಚೂರಿನಲ್ಲಿ ಇಟ್ಟು ನಾಲ್ಕು ಕಡೆ ಹೊಲಿದು ಕಳಿಸಿದ್ದೇನೆ. ಹಾಲಿನವನಿಗೆ ಕೊಡಲು ನನ್ನ ಹತ್ತಿರ ಕೀಲಿಕೈ ಇಲ್ಲ. ಮಾರುವುದಾದರೆ ನೀನೇ ಬಂದು ನಿನ್ನ ಕೈಯಾರೆ ಕೊಡು. ಬೈಯುವುದಾದರೂ ಬಂದೇ ಬೈ, ಫೋನಿನಲ್ಲಿ ಬೈದರೆ ನಿನಗೂ ತೃಪ್ತಿಯಾಗುವುದಿಲ್ಲ. ಮೊದಲು ಡಾಕ್ಟರಿಗೆ ಹೇಳು, ಪಟ್ಟಿ ಬಿಚ್ಚುವವರೆಗೆ ಮೇಜು ಸಾಕು, ಆಮೇಲಿನದನ್ನು ಈಗಲೇ ಬರೆದುಕೊಳ್ಳಬೇಡಿ ಎಂದು. ಅಷ್ಟು ಮಾಡಿದರೆ ಸಾಕು, ನನ್ನನ್ನು ಕ್ಷಮಿಸುವುದು ನಿಧಾನಕ್ಕೆ ಆಗಲಿ.

ಜಾಕೀಟಿನ ಮೊಣಕೈಗೆ ತೇಪೆ ಹಾಕಿದ್ದೇನೆ, ಮಣಿಕಟ್ಟು ಮುಚ್ಚುವ ಹಾಗೆ ತೋಳು ಮೂರು ಇಂಚು ಉದ್ದ ಮಾಡಿದ್ದೇನೆ. ಒಳಗೆ ಎರಡು ಪದರ ದಪ್ಪ ಬಟ್ಟೆ. ಬಂದಾಗ ಹಾಕಿ ನೋಡು.

ನಿನ್ನದೇ ತಪ್ಪೆಂದು ನಿನ್ನನ್ನು ಅಳಲು ಬಿಟ್ಟ,
ನಿನ್ನ ಅಮ್ಮ

ಮರೆತ ಮಾತು: ಎಡಗಡೆಯ ಇಂಡಿಕೇಟರ್ ಮುರಿದದ್ದು ನೀನು ಬಿದ್ದಾಗ. ಬಲಗಡೆಯ ಕನ್ನಡಿ ಒಡೆದದ್ದು ನಾನು. ಹೊಸ ಬ್ರೇಕು ಹಿಡಿಯುತ್ತದೆ ಎಂದು ನಿನಗೆ ಬರೆಯಬೇಕಿತ್ತು, ಈ ವಿಷಯದಲ್ಲಿ ಇನ್ನೊಬ್ಬರ ಮಾತು ನಂಬಿ ಬರೆಯಲು ಮನಸ್ಸು ಬರಲಿಲ್ಲ. ನಿನ್ನೆ ಮತ್ತು ಇವತ್ತು ಬೆಳಗ್ಗೆ ಶಾಲೆಯ ಮೈದಾನದಲ್ಲಿ ಮೊದಲನೇ ಗೇರಿನಲ್ಲಿ ನಾನೇ ಓಡಿಸಿದೆ, ಪಕ್ಕದಲ್ಲಿ ಹತ್ತು-ಹನ್ನೊಂದು ಓಡುತ್ತಾ ಬಂದ. ಇವತ್ತು ತಿರುಗಿಸಲು ಬರಲಿಲ್ಲ, ಎದುರಿಗೆ ಕಾಂಪೌಂಡು ಗೋಡೆ ಬಂತು. ಕೈಯದೂ ಕಾಲಿನದೂ ಒಟ್ಟಿಗೆ ಹಿಡಿದೆ. ಗಾಡಿ ನಿಂತಿತು. ಆಮೇಲೆ ನಾನು ಕಾಲೂರಲು ಮರೆತು ಬಲಕ್ಕೆ ವಾಲಿದೆ, ಅದು ಬೇರೆ ಮಾತು. ಎದ್ದ ಕೂಡಲೇ ಮಾಮನ ಕೈಯಲ್ಲಿ ಟೇಪಿನ ತುದಿ ಹಿಡಿಸಿ ಅಳೆದೆ. ಗೋಡೆಗೂ ಮುಂದಿನ ಚಕ್ರಕ್ಕೂ ನಡುವೆ ಹದಿನಾಲ್ಕು ಇಂಚು.